ಮುದ್ರಕನ ಹೆಸರಿಲ್ಲದ ಪುಸ್ತಕ

ಕಳೆದ ರಾಜ್ಯೋತ್ಸವದ ದಿನ ಬೆಳಿಗ್ಗೆ ಪ್ರೆಸ್ಸಿನ ಬಾಗಿಲು ತೆಗೆದು, ಮೆಷಿನ್ನಿಗೆ ಊದುಬತ್ತಿ ಹಚ್ಚಿ, ಕಾಫಿ ಲೋಟ ಹಿಡಿದು ಕೂತಿದ್ದೆ. ಮೊಬೈಲು ಸದ್ದು ಮಾಡಿತು. ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ: 'ಕನ್ನಡ ಉಳಿಸಿ, ಕನ್ನಡ ಬೆಳೆಸಿ. ರಾಜ್ಯೋತ್ಸವದ ಉಡುಗೊರೆಯಾಗಿ 40 ಕನ್ನಡ ಪುಸ್ತಕಗಳು ಸಂಪೂರ್ಣ ಉಚಿತ. ನಿಜವಾದ ಕನ್ನಡಿಗನಾಗಿದ್ದರೆ ಹತ್ತು ಜನಕ್ಕೆ ಕಳಿಸು.' ಕೆಳಗೆ ಹಳದಿ ಕೆಂಪು ಹೃದಯಗಳ ಸಾಲು. ಅದರ ಕೆಳಗೆ 40 ಪಿಡಿಎಫ್.

ಸುಮ್ಮನೆ ಬೆರಳು ಆಡಿಸುತ್ತಾ ಹೋದೆ. ಹದಿನೇಳನೆಯದು ನಮ್ಮ ಪ್ರೆಸ್ಸಿನಲ್ಲೇ ಅಚ್ಚಾದ ಪುಸ್ತಕ.

ತೆಗೆದು ನೋಡಿದೆ. ಪುಟದ ನಾಲ್ಕು ಮೂಲೆಯಲ್ಲೂ ಸಣ್ಣ ಸಣ್ಣ ಕರಿ ಗೆರೆಗಳು. ಓದುವವರಿಗೆ ಅದು ಏನೆಂದು ತಿಳಿಯದು. ಪ್ರೆಸ್ಸಿನವನಿಗೆ ತಿಳಿಯುತ್ತದೆ. ಅದು ಕ್ರಾಪ್ ಮಾರ್ಕು. ಕಟಿಂಗ್ ಮೆಷಿನ್ನಿನಲ್ಲಿ ಅಂಚು ಎಲ್ಲಿಗೆ ಕತ್ತರಿಸಬೇಕು ಎಂದು ತೋರಿಸುವ ಗೆರೆ. ಪುಸ್ತಕ ಕೈಗೆ ಬರುವ ಹೊತ್ತಿಗೆ ಆ ಗೆರೆ ಕಸದ ಬುಟ್ಟಿಯಲ್ಲಿರುತ್ತದೆ. ಅಂದರೆ ಇದು ಯಾರೋ ಪುಸ್ತಕ ಕೊಂಡು ಸ್ಕ್ಯಾನ್ ಮಾಡಿದ್ದಲ್ಲ. 37ನೇ ಪುಟಕ್ಕೆ ಹೋದೆ. 'ಮಿಣಿ' ಎಂದಿರಬೇಕಾದ ಕಡೆ 'ಮಣಿ' ಎಂದಿತ್ತು. ಆ ತಪ್ಪನ್ನು ಕೊನೆಯ ಕರಡಿನಲ್ಲಿ ನಾನೇ ತಿದ್ದಿದ್ದೆ. ಅಂದರೆ ಇದು ಕೊನೆಯ ಕರಡಿಗಿಂತ ಹಿಂದಿನ ಕರಡು. ನನ್ನ ಕಂಪ್ಯೂಟರಿನಿಂದ ಹೊರಟದ್ದು. ನನ್ನ ಕೈಯಿಂದಲೇ ಹೊರಟದ್ದು. ಊರೆಲ್ಲ ಕಳ್ಳನನ್ನು ಹುಡುಕಿ ಸುಸ್ತಾಗಿ ಮನೆಗೆ ಬಂದರೆ ಕಳ್ಳ ಪಡಸಾಲೆಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದನಂತೆ. ಹಾಗಾಯಿತು ನನ್ನ ಕಥೆ.

ಪುಸ್ತಕ ಬರೆದವರು ಮಂಡ್ಯದ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು. ನೊಗ, ಮಿಣಿ, ಮೇಣಿ, ಕೂರಿಗೆ, ಕುಂಟೆ ಅಂತ ಬೇಸಾಯಗಾರರ ಬಾಯಲ್ಲಿದ್ದ ಮಾತುಗಳನ್ನು ಇಪ್ಪತ್ತು ವರ್ಷ ಹಳ್ಳಿ ಹಳ್ಳಿ ಅಲೆದು ನೋಟ್ ಬುಕ್ಕಿನಲ್ಲಿ ಬರೆದಿಟ್ಟುಕೊಂಡವರು. ಟ್ರ್ಯಾಕ್ಟರು ಬಂದ ಮೇಲೆ ಆ ಮಾತುಗಳನ್ನು ಆಡುವವರೇ ಇಲ್ಲವಾಗುತ್ತಿದ್ದಾರೆ. ಯಾವ ಪ್ರಕಾಶಕರೂ ಮುಂದೆ ಬರಲಿಲ್ಲ. ಪಿಂಚಣಿ ಹಣ ಸೇರಿಸಿ ತಾವೇ ಹಾಕಿಸಿದರು. ಡೆಮಿ ಅಷ್ಟದಳ, 160 ಪುಟ, ಹತ್ತು ಫಾರಂ, 500 ಪ್ರತಿ, ಬೆಲೆ 180 ರೂಪಾಯಿ. ಕರಡು ನೋಡಲು ಊರಿನಿಂದ ಬಸ್ಸು ಹತ್ತಿ ಬರುವುದು ಅವರಿಗೆ ಕಷ್ಟವಾಗುತ್ತದೆಂದು ನಾನೇ ಪಿಡಿಎಫ್ ಮಾಡಿ ಅವರ ಅಕ್ಕನ ಮಗನ ವಾಟ್ಸಾಪಿಗೆ ಕಳಿಸಿದ್ದೆ. ಅವನು ಸಂತೋಷಕ್ಕೆ ಸ್ನೇಹಿತನಿಗೆ ಕಳಿಸಿದ. ಆ ಸ್ನೇಹಿತ ಅಭಿಮಾನಕ್ಕೆ ಗುಂಪಿಗೆ ಹಾಕಿದ. ಮುಂದಿನದು ದೇವರಿಗೇ ಗೊತ್ತು.

500ರಲ್ಲಿ 410 ಪ್ರತಿ ಇನ್ನೂ ನಮ್ಮ ಪ್ರೆಸ್ಸಿನ ಅಟ್ಟದ ಮೇಲಿದೆ. ಮೇಷ್ಟ್ರಿಗೆ ಫೋನ್ ಮಾಡಿ, ತಪ್ಪಾಯಿತು ಎಂದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಹೇಳಿದ್ದೇ ಬೇರೆ. "ಅಲ್ಲಪ್ಪಾ, ಅಮೆರಿಕದಿಂದ ಒಬ್ಬರು ಫೋನ್ ಮಾಡಿದ್ರು. ನಮ್ಮಜ್ಜಿ ಆಡ್ತಿದ್ದ ಮಾತೆಲ್ಲಾ ಇದರಲ್ಲಿ ಐತೆ ಸಾರ್ ಅಂತ ಅತ್ತುಬಿಟ್ರು. ಅವರಿಗೆ ನಮ್ಮ ಪುಸ್ತಕ ಎಲ್ಲಿ ಸಿಕ್ತಿತ್ತು ಹೇಳು? ಓದಿದ್ರಲ್ಲ, ಸಾಕು ಬಿಡು." ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೈಂಡಿಂಗ್ ಬಾಕಿ ಇನ್ನೊಂದ್ ಪಿಂಚಣಿ ಬರೋಗಂಟ ತಡಕೊಂಡೀಯಾ?" ಎಂದರು.

ಈ ಲೇಖನ ಬರೆಯುತ್ತಿರುವುದು ಆ ಎರಡು ಮಾತಿನ ನಡುವೆ ಸಿಕ್ಕಿಕೊಂಡು. ನಾನು ಪಿಯುಸಿಗೇ ಓದು ನಿಲ್ಲಿಸಿದವನು. ವಕೀಲನಲ್ಲ, ಸಾಹಿತಿಯೂ ಅಲ್ಲ. ಆದರೆ ಅಪ್ಪನ ಕಾಲದ ಟ್ರೆಡಲ್ ಮೆಷಿನ್ನಿನ ಪಕ್ಕದಲ್ಲೇ ಬೆಳೆದವನು. ಮೊಳೆಗಳನ್ನು ಕೇಸಿಗೆ ವಾಪಸು ಹಾಕುತ್ತಾ ಅಕ್ಷರ ಕಲಿತವನು, ತಲೆಕೆಳಗಾದ ಅಕ್ಷರವನ್ನೇ ಮೊದಲು ಓದಲು ಕಲಿತವನು. ಪುಸ್ತಕ ಎಂಬ ವಸ್ತುವಿನ ಬಗ್ಗೆ ಮಾತಾಡಲು ನನಗೂ ಒಂದಿಷ್ಟು ಹಕ್ಕಿದೆ ಎಂದುಕೊಂಡಿದ್ದೇನೆ.

ಕನ್ನಡದ ಯಾವುದೇ ಹಳೆಯ ಪುಸ್ತಕ ತೆಗೆದುಕೊಳ್ಳಿ. ಒಳಗಿನ ಎರಡನೇ ಪುಟದಲ್ಲೋ ಕೊನೆಯ ಪುಟದಲ್ಲೋ ಚಿಕ್ಕ ಅಕ್ಷರದಲ್ಲಿ 'ಮುದ್ರಕರು' ಎಂದು ಒಂದು ಸಾಲಿರುತ್ತದೆ. ಪ್ರೆಸ್ಸಿನ ಹೆಸರು, ಊರು. ನೀವು ಯಾರೂ ಅದನ್ನು ಓದುವುದಿಲ್ಲ, ಗೊತ್ತು. ಅದು ನಮ್ಮ ಜಂಬಕ್ಕೆ ಹಾಕಿಕೊಂಡದ್ದಲ್ಲ ಸ್ವಾಮಿ. 1867ರಲ್ಲಿ ಬ್ರಿಟಿಷರು ಮಾಡಿದ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯ್ದೆಯ 3ನೇ ಕಲಮಿನ ಪ್ರಕಾರ ಅಚ್ಚಾದ ಪ್ರತಿಯೊಂದು ಪುಸ್ತಕ, ಪತ್ರಿಕೆಯ ಮೇಲೂ ಮುದ್ರಕನ ಹೆಸರು, ಊರು ಇರಲೇಬೇಕಿತ್ತು. ಪ್ರೆಸ್ಸು ಇಡುವವನು ಮ್ಯಾಜಿಸ್ಟ್ರೇಟರ ಮುಂದೆ ನಿಂತು ಘೋಷಣೆ ಕೊಡಬೇಕಿತ್ತು. ಆ ಕಾಯ್ದೆಯನ್ನು ಆಳುವವರು ತಂದದ್ದು ನಮ್ಮ ಮೇಲಿನ ಪ್ರೀತಿಯಿಂದಲ್ಲ. 1857 ಆಗಿ ಹತ್ತೇ ವರ್ಷ. ಯಾರು ಏನು ಅಚ್ಚು ಹಾಕುತ್ತಿದ್ದಾರೆ ಎಂದು ಕಣ್ಣಿಡಲು ತಂದದ್ದು. ಆದರೆ ಒಂದು ಮಾತನ್ನು ಒಪ್ಪಿಕೊಳ್ಳಲೇಬೇಕು. ಆ ಸಾಲಿನಿಂದಾಗಿ ಪ್ರತಿ ಕಾಗದಕ್ಕೂ ಒಬ್ಬ ಜವಾಬುದಾರ ಇದ್ದ. ಬೈಗುಳ ಅಚ್ಚಾದರೆ ನನ್ನನ್ನು ಹಿಡಿಯಬಹುದಿತ್ತು. ಬೇರೆಯವರ ಪುಸ್ತಕ ಕದ್ದು ಅಚ್ಚು ಹಾಕಿದರೂ ನನ್ನನ್ನೇ ಹಿಡಿಯಬಹುದಿತ್ತು.

2023ರಲ್ಲಿ ಆ ಕಾಯ್ದೆ ಹೋಯಿತು. ಅದರ ಜಾಗಕ್ಕೆ ಪತ್ರಿಕೆ ಮತ್ತು ನಿಯತಕಾಲಿಕಗಳ ನೋಂದಣಿ ಕಾಯ್ದೆ ಬಂದು 2024ರ ಮಾರ್ಚ್ 1ರಿಂದ ಜಾರಿಯಾಯಿತು. ಅದರಲ್ಲಿ ಪುಸ್ತಕದ ಮಾತೇ ಇಲ್ಲ. ಜೈಲಿನ ಭಯ ತಪ್ಪಿತಲ್ಲ ಅಂತ ನಮ್ಮ ಪೇಟೆಯ ಪ್ರೆಸ್ಸಿನವರು ಖುಷಿಪಟ್ಟರು. ನಾನೂ ಪಟ್ಟೆ. ಆದರೆ ಮೇಷ್ಟ್ರ ಪಿಡಿಎಫ್ ನೋಡಿದ ದಿನದಿಂದ ಆ ಹಳೆಯ ಸಾಲು ನೆನಪಾಗುತ್ತಿದೆ. ಆ ಕರಡಿನಲ್ಲಿ ಮುದ್ರಕರ ಪುಟ ಇನ್ನೂ ಸೇರಿರಲಿಲ್ಲ. ಬೆಲೆಯಿಲ್ಲ, ವಿಳಾಸವಿಲ್ಲ, ಹಕ್ಕು ಯಾರದೆಂದಿಲ್ಲ. ಓದಿ ಅತ್ತವರಿಗೂ 180 ರೂಪಾಯಿ ಯಾರಿಗೆ ಕಳಿಸಬೇಕೆಂದು ಗೊತ್ತಾಗುವಂತಿಲ್ಲ. ಅವರು ಮೇಷ್ಟ್ರ ನಂಬರನ್ನು ಎಲ್ಲೆಲ್ಲೋ ಹುಡುಕಿ ಫೋನ್ ಮಾಡಿದ್ದು. ಹಾಗೆ ಹುಡುಕುವವರು ಎಷ್ಟು ಜನ?

'ಅಲ್ರೀ, ಕನ್ನಡ ಓದುವವರೇ ಇಲ್ಲ ಅಂತೀರಿ, ಓದಲಿ ಅಂತ ಹಂಚಿದರೆ ಅದಕ್ಕೂ ತಕರಾರು ಅಂತೀರಿ' ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಕಾನೂನು ಅಷ್ಟೊಂದು ಜಿಪುಣ ಅಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮನ್ನು ಯಾರಾದರೂ ವಕೀಲರ ಹತ್ತಿರ ಓದಿಸಿಕೊಳ್ಳಿ. ಸ್ವಂತ ಓದಿಗೆ, ಸಂಶೋಧನೆಗೆ, ವಿಮರ್ಶೆಗೆ ನ್ಯಾಯವಾದ ಮಟ್ಟಿಗೆ ಬಳಸಿಕೊಂಡರೆ ತಪ್ಪಲ್ಲ. ಲಾಭಕ್ಕೆ ನಡೆಸದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿರುವ ಪುಸ್ತಕವನ್ನು ಹಾಳಾಗದಂತೆ ಉಳಿಸಲು ಸ್ಕ್ಯಾನ್ ಮಾಡಿಟ್ಟುಕೊಂಡರೆ ತಪ್ಪಲ್ಲ. ಕಣ್ಣಿಲ್ಲದವರು ಓದುವ ರೂಪಕ್ಕೆ ಲಾಭವಿಲ್ಲದೆ ಬದಲಾಯಿಸಿಕೊಟ್ಟರೆ ತಪ್ಪಲ್ಲ. ದೆಹಲಿ ವಿಶ್ವವಿದ್ಯಾಲಯದ ಆವರಣದ ಒಂದು ಜೆರಾಕ್ಸ್ ಅಂಗಡಿಯ ಮೇಲೆ 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನಂಥ ದೊಡ್ಡ ದೊಡ್ಡ ಪ್ರಕಾಶಕರೇ ದಾವೆ ಹಾಕಿದರು. ಪಾಠಕ್ಕೆ ಬೇಕಾದ ಪುಟಗಳನ್ನು ಹುಡುಗರಿಗೆ ಜೆರಾಕ್ಸ್ ಮಾಡಿ ಕೊಡುತ್ತಿದ್ದಾನೆ ಎಂದು. 2016ರಲ್ಲಿ ದೆಹಲಿ ಹೈಕೋರ್ಟು ಹುಡುಗರ ಪರವಾಗಿ ನಿಂತಿತು. 2017ರಲ್ಲಿ ಆ ಪ್ರಕಾಶಕರು ದಾವೆ ವಾಪಸು ತೆಗೆದುಕೊಂಡರು. ಜೆರಾಕ್ಸ್ ಅಂಗಡಿ ಗೆದ್ದ ಸುದ್ದಿ ಓದಿ ನಾನು ಪ್ರೆಸ್ಸಿನವರಿಗೆಲ್ಲ ಟೀ ಕೊಡಿಸಿದ್ದೆ.

ಆದರೆ ಇಡೀ ಪುಸ್ತಕವನ್ನು, ಬರೆದವನು ಬದುಕಿರುವಾಗ, ಅಂಗಡಿಯಲ್ಲಿ ಮಾರಾಟಕ್ಕಿರುವಾಗ, ಸಾವಿರಾರು ಜನಕ್ಕೆ ಹಂಚುವುದು ಇದರಲ್ಲಿ ಯಾವುದಕ್ಕೂ ಸೇರುವುದಿಲ್ಲ. 63ನೇ ಕಲಮಿನಲ್ಲಿ ಬೇಕೆಂದೇ ಕೃತಿಸ್ವಾಮ್ಯ ಮುರಿದವನಿಗೆ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ ಎರಡು ಲಕ್ಷದವರೆಗೆ ದಂಡ ಇದೆ. ಲಾಭಕ್ಕೆ ಮಾಡದಿದ್ದರೆ ಕೋರ್ಟು ಕಾರಣ ಬರೆದು ಶಿಕ್ಷೆ ಇಳಿಸಬಹುದು, ಅಷ್ಟೆ. ಇದು ವಾರಂಟಿಲ್ಲದೆ ಹಿಡಿಯಬಹುದಾದ ಅಪರಾಧ ಎಂದು 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನಮ್ಮ ಕರ್ನಾಟಕ ಸರ್ಕಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2014ರಲ್ಲಿ ಗೂಂಡಾ ಕಾಯ್ದೆಗೆ ತಿದ್ದುಪಡಿ ತಂದು, ಲಾಭಕ್ಕಾಗಿ ಕೃತಿಸ್ವಾಮ್ಯ ಮುರಿಯುವವರನ್ನು 'ಡಿಜಿಟಲ್ ಅಪರಾಧಿ' ಎಂದು ಕರೆದು, ಆಸಿಡ್ ಎರಚುವವರ, ಭೂಗಳ್ಳರ ಸಾಲಿನಲ್ಲಿ ನಿಲ್ಲಿಸಿತು. ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಒಳಗೆ ಹಾಕಬಹುದು!

ಇದು ನನಗೆ ಸರಿ ಕಾಣುವುದಿಲ್ಲ. ಪುಸ್ತಕ ಕದ್ದವನನ್ನೂ ಹೆಣ್ಣುಮಗಳ ಮುಖ ಸುಟ್ಟವನನ್ನೂ ಒಂದೇ ಗೋಣಿಚೀಲಕ್ಕೆ ತುಂಬುವ ಕಾನೂನು ಪುಸ್ತಕದ ಮೇಲಿನ ಗೌರವದಿಂದ ಬಂದದ್ದಲ್ಲ. ಪೊಲೀಸರ ಕೈಗೆ ಇನ್ನೊಂದು ಲಾಠಿ ಕೊಡಲು ಬಂದದ್ದು. ಇವತ್ತು ಪಿಡಿಎಫ್ ಮಾರುವವನಿಗೆ ಬಿದ್ದ ಲಾಠಿ ನಾಳೆ ಇಂಥ ಪತ್ರಿಕೆ ಹಂಚುವ ಹುಡುಗರಿಗೂ ಬೀಳಬಹುದು. ಮೇಷ್ಟ್ರ ಅಕ್ಕನ ಮಗನ ಸ್ನೇಹಿತ ಜೈಲಿಗೆ ಹೋದರೆ ಮೇಷ್ಟ್ರ ಪುಸ್ತಕ ಮಾರಾಟವಾಗುವುದಿಲ್ಲ.

ಇನ್ನೂ ಒಂದು ಕಾರಣಕ್ಕೆ ನಾನು ಕಲ್ಲೆಸೆಯಲಾರೆ. 2003ರಲ್ಲಿ ನಾವು ಮೊದಲ ಕಂಪ್ಯೂಟರು ತಂದೆವು, ಸೆಕೆಂಡ್ ಹ್ಯಾಂಡು. ಪುಟ ಜೋಡಿಸುವ ಸಾಫ್ಟ್‌ವೇರನ್ನು ಪೇಟೆಯ ಫುಟ್‌ಪಾತಿನಲ್ಲಿ 50 ರೂಪಾಯಿ ಸಿಡಿಯಲ್ಲಿ ತಂದೆ. ಕನ್ನಡದ ಫಾಂಟುಗಳು ಲಾಕ್ ಒಡೆದವು. ಒಬ್ಬ ಪ್ರೆಸ್ಸಿನವನಿಂದ ಇನ್ನೊಬ್ಬ ಪ್ರೆಸ್ಸಿನವನಿಗೆ ಫ್ಲಾಪಿಯಲ್ಲಿ ದಾಟಿ ಬಂದವು. ನಾನೊಬ್ಬನೇ ಅಲ್ಲ, ನಮ್ಮ ಬೀದಿಯೆಲ್ಲ ಹಾಗೇ ನಡೆಯಿತು. ಅಚ್ಚುಮೊಳೆಯ ಕಾಲದಲ್ಲಿ ಮೊಳೆ ಸವೆದರೆ ಫೌಂಡ್ರಿಗೆ ಹೋಗಿ ದುಡ್ಡು ಕೊಟ್ಟು ತೂಕದ ಲೆಕ್ಕದಲ್ಲಿ ತರುತ್ತಿದ್ದ ಅಪ್ಪನ ಮಗ ನಾನು, ಅಕ್ಷರಕ್ಕೆ ಒಂದು ಪೈಸೆ ಕೊಡದೆ ಹತ್ತು ವರ್ಷ ಅನ್ನ ತಿಂದೆ. ಕನ್ನಡಕ್ಕೆ ಒಂದು ಫಾಂಟು ಬರೆಯುವುದು ಇಂಗ್ಲಿಷಿನ ಹಾಗೆ 26 ಅಕ್ಷರದ ಕೆಲಸವಲ್ಲ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ಆಕಾರ. ಅದನ್ನು ಕೂತು ಬರೆದವನಿಗೆ ಏನೂ ಸಿಗಲಿಲ್ಲ. ಎರಡನೇ ಫಾಂಟು ಬರೆಯಲು ಅವನು ಬರಲಿಲ್ಲ. ಇವತ್ತು ಮದುವೆ ಕಾರ್ಡು, ತಿಥಿ ಕಾರ್ಡು, ಸಿನಿಮಾ ಪೋಸ್ಟರು, ರಾಜಕಾರಣಿಯ ಹುಟ್ಟುಹಬ್ಬದ ಬ್ಯಾನರು ಎಲ್ಲಾ ಅದೇ ನಾಲ್ಕು ಮುಖದ ಅಕ್ಷರದಲ್ಲಿ ಕಾಣುತ್ತವಲ್ಲ, ಅದರ ಪಾಪದಲ್ಲಿ ನನ್ನದೂ ಪಾಲಿದೆ. ಆಮೇಲೆ ದುಡ್ಡು ಕೊಟ್ಟು ಫಾಂಟು ಕೊಂಡೆ. ಕೊಂಡ ಮೇಲೂ ಕದ್ದ ಹತ್ತು ವರ್ಷ ಕದ್ದದ್ದೇ.

ಈಗ ಬರೆಯುವ ಹುಡುಗ ಹುಡುಗಿಯರಿಗೆ ಹೇಳಬೇಕಾದ ಮಾತಿಗೆ ಬರುತ್ತೇನೆ. ನಮ್ಮಲ್ಲಿ ಪುಸ್ತಕ ಹಾಕಿಸಲು ಬರುವ ಹೊಸ ಬರಹಗಾರರಿಗೆ ತಮ್ಮ ಹಕ್ಕೇನು ಎಂಬುದೇ ಗೊತ್ತಿಲ್ಲ. ಪ್ರಕಾಶಕರ ಒಪ್ಪಂದದ ಕಾಗದವನ್ನು ಎಷ್ಟೋ ಜನ ನನ್ನ ಮೇಜಿನ ಮೇಲೇ ಸಹಿ ಹಾಕಿದ್ದಾರೆ, ಓದದೆ. 'ಸರ್ವಹಕ್ಕುಗಳನ್ನೂ ಶಾಶ್ವತವಾಗಿ' ಎಂದು ಒಂದು ಸಾಲು. ಅಷ್ಟೇ ಅಲ್ಲ, ಒಪ್ಪಂದವೇ ಇಲ್ಲದೆ ಬಾಯಿಮಾತಿನಲ್ಲಿ ನಡೆಯುವುದೇ ಹೆಚ್ಚು. ಗೌರವ ಪ್ರತಿ ಹತ್ತು, ಒಂದು ಶಾಲು, ಒಂದು ಹಾರ, ಮುಗಿಯಿತು.

ಕಾಯ್ದೆ ಏನು ಹೇಳುತ್ತದೆ ಕೇಳಿ. ಹಕ್ಕು ವರ್ಗಾವಣೆ ಬರವಣಿಗೆಯಲ್ಲಿ, ಸಹಿಯೊಂದಿಗೆ ಇರಬೇಕು. ಬಾಯಿಮಾತು ಹಕ್ಕನ್ನು ದಾಟಿಸುವುದಿಲ್ಲ. ಎಷ್ಟು ವರ್ಷಕ್ಕೆಂದು ಬರೆಯದಿದ್ದರೆ ಐದೇ ವರ್ಷ. ಯಾವ ಪ್ರದೇಶಕ್ಕೆಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಬರೆಸಿಕೊಂಡವರು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ, ಅದು ಬಿದ್ದುಹೋಗುತ್ತದೆ. 2012ರಲ್ಲಿ ತಂದ ತಿದ್ದುಪಡಿಯಲ್ಲಿ ಚಿನ್ನದಂಥ ಒಂದು ಮಾತಿದೆ: ಒಪ್ಪಂದದ ಹೊತ್ತಿಗೆ ಇಲ್ಲದಿದ್ದ, ಬಳಕೆಗೆ ಬಾರದಿದ್ದ ಮಾಧ್ಯಮದ ಹಕ್ಕು, ಆ ಮಾಧ್ಯಮವನ್ನು ಹೆಸರಿಸಿ ಬರೆದಿದ್ದರೆ ಹೊರತು ವರ್ಗಾವಣೆಯಾಗುವುದಿಲ್ಲ. ಅಂದರೆ ನಾಳೆ ಇನ್ನೇನೋ ಹೊಸ ಯಂತ್ರ ಬಂತು, ಅದರಲ್ಲಿ ನಿಮ್ಮ ಕಾದಂಬರಿ ಬರುತ್ತದೆ ಅಂತಿಟ್ಟುಕೊಳ್ಳಿ, 'ಸರ್ವಹಕ್ಕು' ಎಂದ ಮಾತ್ರಕ್ಕೆ ಅದು ಪ್ರಕಾಶಕರ ಪಾಲಾಗುವುದಿಲ್ಲ. ಸಿನಿಮಾ ಹಾಡು ಬರೆಯುವವರಿಗೂ ಅದೇ ತಿದ್ದುಪಡಿಯಲ್ಲಿ ರಾಯಧನದ ಪಾಲು ಬಂತು. ಅದಕ್ಕಾಗಿ ರಾಜ್ಯಸಭೆಯಲ್ಲಿ ಗುದ್ದಾಡಿದವರು ಉರ್ದು ಕವಿ ಜಾವೇದ್ ಅಖ್ತರ್. ನಮ್ಮ ಕಡೆಯಿಂದ ಅಷ್ಟು ಗಟ್ಟಿ ದನಿ ಕೇಳಿದ ನೆನಪು ನನಗಿಲ್ಲ.

ಆಡಿಯೋ ಪುಸ್ತಕ, ಇ-ಪುಸ್ತಕ ಎಂದು ಈಗ ಕಂಪನಿಗಳು ಬಾಗಿಲು ಬಡಿಯುತ್ತಿವೆ. ಅಪ್ಪನೋ ಅಜ್ಜನೋ ಸಾಹಿತಿಯಾಗಿದ್ದ ಮನೆಯವರು ಇದ್ದರೆ ಮೊದಲು ಹಳೆಯ ಟ್ರಂಕು ತೆಗೆದು ಕಾಗದ ಹುಡುಕಿ. 'ಪುಸ್ತಕ ರೂಪದಲ್ಲಿ ಒಂದು ಮುದ್ರಣಕ್ಕೆ ಅನುಮತಿ' ಎಂದು ಬರೆದುಕೊಟ್ಟಿದ್ದರೆ ಉಳಿದ ಹಕ್ಕೆಲ್ಲ ನಿಮ್ಮ ಮನೆಯಲ್ಲೇ ಇದೆ.

ಇದಕ್ಕೊಂದು ಇನ್ನೊಂದು ಮಗ್ಗುಲಿದೆ. ಅದನ್ನು ಹೇಳಿದರೆ ಸಾಹಿತಿಗಳ ಮನೆಯವರಿಗೆ ಸಿಟ್ಟು ಬರಬಹುದು. ಬರಲಿ. ಬರೆದವನು ತೀರಿಕೊಂಡ ವರ್ಷ ಮುಗಿದು 60 ವರ್ಷ ಆಗುವವರೆಗೆ ಹಕ್ಕು ಮನೆಯವರದು. ಮೊದಲು 50 ಇತ್ತು. ರವೀಂದ್ರನಾಥ ಠಾಕೂರರು 1941ರಲ್ಲಿ ತೀರಿದವರು. 1991ರ ಕೊನೆಗೆ ಅವರ ಹಕ್ಕು ಮುಗಿಯುವುದರಲ್ಲಿತ್ತು, ದೆಹಲಿ ಅವಸರದಲ್ಲಿ ಎದ್ದು 60 ಮಾಡಿತು. ಬಂಗಾಳದ ಒಬ್ಬ ಕವಿಗಾಗಿ ಇಡೀ ದೇಶದ ಎಲ್ಲ ಭಾಷೆಯ ಪುಸ್ತಕಕ್ಕೂ ಹತ್ತು ವರ್ಷ ಬೀಗ. ಬೇಂದ್ರೆಯವರಿಗೆ 2041ರ ಕೊನೆಯವರೆಗೆ, ಕುವೆಂಪು ಅವರಿಗೆ 2054ರವರೆಗೆ, ತೇಜಸ್ವಿಯವರಿಗೆ 2067ರವರೆಗೆ ಹಕ್ಕಿದೆ. ದೊಡ್ಡ ಹೆಸರಿನ ಪುಸ್ತಕಗಳಾದರೋ ಮತ್ತೆ ಮತ್ತೆ ಅಚ್ಚಾಗುತ್ತವೆ, ಚಿಂತೆಯಿಲ್ಲ. ಸಣ್ಣ ಹೆಸರಿನವರ ಗತಿ? 1950ರಲ್ಲಿ ಒಂದೇ ಸಲ ಅಚ್ಚಾದ ಪುಸ್ತಕ, ಬರೆದವರು 1985ರಲ್ಲಿ ತೀರಿದ್ದಾರೆ, ಮಕ್ಕಳು ಎಲ್ಲಿದ್ದಾರೋ ಗೊತ್ತಿಲ್ಲ. ಕಾನೂನಿನ ಪ್ರಕಾರ 2045 ಮುಗಿಯುವವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಅವೆನ್ಯೂ ರಸ್ತೆಯಲ್ಲಿ ಸಿಕ್ಕುವ ಅಂಥ ಪುಸ್ತಕದ ಪುಟ ತಿರುಗಿಸಿದರೆ ಹಪ್ಪಳದ ಹಾಗೆ ಮುರಿಯುತ್ತದೆ. 2045ರವರೆಗೆ ಆ ಕಾಗದ ಬದುಕುವುದಿಲ್ಲ. ವಾರಸುದಾರರು ಪತ್ತೆಯಾಗದ ಪುಸ್ತಕಕ್ಕೆ ಅನುಮತಿ ಪಡೆಯಲು 31ಎ ಕಲಮಿನಲ್ಲಿ ದಾರಿಯಿದೆ. ಅರ್ಜಿ, ಪತ್ರಿಕಾ ಪ್ರಕಟಣೆ, ನಿಗದಿಯಾದ ರಾಯಧನ ಎಂದು ಇಷ್ಟುದ್ದ. 300 ಪ್ರತಿ ಹಾಕುವವನು ಆ ಬಾಗಿಲಿಗೆ ಹೋಗುತ್ತಾನೆಯೇ? ಕನ್ನಡ ಸಂಸ್ಕೃತಿ ಇಲಾಖೆಯೋ ಪುಸ್ತಕ ಪ್ರಾಧಿಕಾರವೋ ಒಬ್ಬ ವಕೀಲರನ್ನಿಟ್ಟು ವರ್ಷಕ್ಕೆ ನೂರು ಪುಸ್ತಕದ ಅರ್ಜಿ ಹಾಕಿದರೆ ಆಗುವ ಕೆಲಸ. ನಾವು ಧರಣಿ ಕೂರುವುದಾದರೆ ಇಂಥದ್ದಕ್ಕೂ ಒಂದು ದಿನ ಕೂರಬೇಕು.

ಕಾನೂನು ಬೀಗ ತೆಗೆದು ಬಾಗಿಲು ತೆರೆದಿಟ್ಟಿರುವ ಪುಸ್ತಕಗಳ ಕಥೆಯಾದರೂ ಏನು? ಕೈಲಾಸಂ 1946ರಲ್ಲಿ ತೀರಿದರು, 2007ರಿಂದ ಅವರ ನಾಟಕಗಳು ಎಲ್ಲರವು. 'ಮಹಾಬ್ರಾಹ್ಮಣ' ಬರೆದ ದೇವುಡು ತೀರಿದ್ದು 1962ರಲ್ಲಿ, 2023ರ ಜನವರಿ 1ರಿಂದ ಮುಕ್ತ. ಮಂಜೇಶ್ವರದ ಗೋವಿಂದ ಪೈಗಳೂ ತ್ರಿವೇಣಿಯವರೂ 1963ರಲ್ಲಿ ತೀರಿದವರು, 2024ರ ಜನವರಿ 1ರಿಂದ ಮುಕ್ತ. ಏಕೀಕರಣಕ್ಕೆ ಜೀವ ತೇಯ್ದ ಆಲೂರು ವೆಂಕಟರಾಯರು 1964ರಲ್ಲಿ ಹೋದರು. ಅವರ 'ಕರ್ನಾಟಕ ಗತವೈಭವ' 2025ರ ಜನವರಿ 1ರಿಂದ ನಿಮ್ಮದು, ನನ್ನದು. ಯಾರನ್ನೂ ಕೇಳದೆ ಅಚ್ಚು ಹಾಕಬಹುದು, ಹಂಚಬಹುದು, ಓದಿ ರೆಕಾರ್ಡು ಮಾಡಬಹುದು. (ತೀರಿದ ಮೇಲೆ ಮೊದಲ ಸಲ ಅಚ್ಚಾದ ಕೃತಿಗೆ ಲೆಕ್ಕ ಬೇರೆ, ಅಚ್ಚಾದ ವರ್ಷದಿಂದ 60. ಇನ್ನೊಬ್ಬರು ಬರೆದ ಮುನ್ನುಡಿ, ಟಿಪ್ಪಣಿ, ಮುಖಪುಟದ ಚಿತ್ರ ಅವರವರದು. ಅದನ್ನು ಬಿಟ್ಟು ಮೂಲ ತೆಗೆದುಕೊಳ್ಳಿ. ಇಂಗ್ಲೆಂಡಿನಲ್ಲಿ ಪುಟ ಜೋಡಣೆಗೂ ಪ್ರಕಾಶಕನಿಗೆ 25 ವರ್ಷದ ಹಕ್ಕಿದೆಯಂತೆ. ನಮ್ಮಲ್ಲಿ ಇಲ್ಲ. ಪ್ರೆಸ್ಸಿನವನಾಗಿ ಹೊಟ್ಟೆ ಉರಿದರೂ ಓದುಗನಾಗಿ ಒಳ್ಳೆಯದೇ ಎನ್ನುತ್ತೇನೆ.)

ರಾಜ್ಯೋತ್ಸವದ ಆ 40 ಪಿಡಿಎಫ್‌ಗಳನ್ನು ಕೂತು ಲೆಕ್ಕ ಹಾಕಿದೆ. ಮುಕ್ತವಾದ ಪುಸ್ತಕ ಮೂರೇ ಮೂರು. ಉಳಿದ 37 ಹಕ್ಕಿರುವವು. ಅದರಲ್ಲಿ 20 ಬದುಕಿರುವವರವು. ಹಂಚಬಹುದಾದ್ದನ್ನು ಹಂಚುವುದಿಲ್ಲ, ಹಂಚಬಾರದ್ದನ್ನು ಹಂಚುತ್ತೇವೆ. ಕಾರಣ ಸರಳ. ಮುಕ್ತವಾದದ್ದನ್ನು ಯಾರಾದರೂ ಕೂತು ಟೈಪು ಮಾಡಬೇಕು, ಕರಡು ತಿದ್ದಬೇಕು. ಅದು ಕೆಲಸ. ಫಾರ್ವರ್ಡ್ ಮಾಡುವುದು ಕೆಲಸವಲ್ಲ.

ಟೈಪು ಎಂದೆ, ಸ್ಕ್ಯಾನ್ ಎನ್ನಲಿಲ್ಲ. ಪುಟದ ಫೋಟೋ ಹಿಡಿದು ಪಿಡಿಎಫ್ ಮಾಡಿದರೆ ಕಣ್ಣಿಗೆ ಪುಸ್ತಕ, ಕಂಪ್ಯೂಟರಿಗೆ ಅದು ಬರೀ ಚಿತ್ರ. ಒಂದು ಪದ ಹುಡುಕಿದರೆ ಸಿಗದು. ನಮ್ಮಂಥ ಪ್ರೆಸ್ಸುಗಳಲ್ಲಿ ಇಪ್ಪತ್ತು ವರ್ಷ ಟೈಪಾದ ಸಾವಿರಾರು ಪುಸ್ತಕಗಳಿಗೆ ಇನ್ನೊಂದು ರೋಗ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ಪೇಜ್‌ಮೇಕರಿನಲ್ಲಿ ಅದು ನಡೆಯದು ಎಂದು ನಾವೆಲ್ಲ ಹಳೆಯ ಆಸ್ಕಿ ಫಾಂಟಿಗೇ ಅಂಟಿಕೊಂಡೆವು. ಒಬ್ಬರ ಫಾಂಟಿನ ಲೆಕ್ಕ ಇನ್ನೊಬ್ಬರದಕ್ಕೆ ಹೊಂದದು. ಫಾಂಟು ಬದಲಾದರೆ 'ಕನ್ನಡ' ಎಂಬುದು ಪ್ರಶ್ನೆಚಿಹ್ನೆ, ಡಾಲರ್ ಗುರುತು, ಬಾಲವಿಲ್ಲದ ಹಲ್ಲಿಯಂಥ ಅಕ್ಷರಗಳಾಗಿ ಕಾಣುತ್ತದೆ. ನನ್ನ ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಹಾಗೆ ಸತ್ತು ಮಲಗಿರುವ 200ಕ್ಕೂ ಹೆಚ್ಚು ಪುಸ್ತಕಗಳಿವೆ. ಕೆಲವಕ್ಕೆ ಅಚ್ಚಾದ ಪ್ರತಿಯೂ ಉಳಿದಿಲ್ಲ. ಅಚ್ಚಾದ ಪುಸ್ತಕಗಳನ್ನು ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೂ ಮುಂಬೈ, ಚೆನ್ನೈ, ದೆಹಲಿಗೂ ಒಂದೊಂದು ಪ್ರತಿ ಕಳಿಸಬೇಕೆಂದು 1954ರಲ್ಲೇ ಕಾಯ್ದೆಯಾಗಿದೆ. ಆ ಪಟ್ಟಿಯಲ್ಲಿ ಬೆಂಗಳೂರಿಲ್ಲ, ಗಮನಿಸಿ. ಕಡತವಾಗಿ ಮಾತ್ರ ಹುಟ್ಟುವ ಪುಸ್ತಕವನ್ನು ಎತ್ತಿಡಿ ಎಂದು ಅದು ಯಾರಿಗೂ ಹೇಳುವುದಿಲ್ಲ.

ಇದೆಲ್ಲ ಏಕೆ ಅವಸರದ ವಿಷಯ ಎಂದರೆ, ಈಗ ಓದುವವರು ಮನುಷ್ಯರು ಮಾತ್ರ ಅಲ್ಲ. ಕೃತಕ ಬುದ್ಧಿಮತ್ತೆಯ ಯಂತ್ರಗಳು ಸಿಕ್ಕಿದ್ದನ್ನೆಲ್ಲ ನುಂಗಿ ಭಾಷೆ ಕಲಿಯುತ್ತಿವೆ. ಕನ್ನಡದಲ್ಲಿ ಅವಕ್ಕೆ ಸಿಗುವುದು ಎಷ್ಟು? ಸಿಗುವುದಾದರೂ ಎಂಥದು? ಮೇಷ್ಟ್ರ ಮಿಣಿ ಯಾವ ಯಂತ್ರಕ್ಕೂ ಗೊತ್ತಿಲ್ಲದಿದ್ದರೆ ನಾಳೆ ಹುಟ್ಟುವ ಕನ್ನಡದಲ್ಲಿ ಅದು ಇರುವುದಿಲ್ಲ. ನನ್ನ ತಪ್ಪಿದ ಕರಡಿನಿಂದ ಕಲಿತರೆ 'ಮಣಿ' ಎಂದು ಕಲಿಯುತ್ತದೆ! ಹಾಗೆಂದು ಕೇಳದೆ ನುಂಗಿ ದುಡ್ಡು ಮಾಡಿಕೊಳ್ಳಲಿ ಎನ್ನಲೂ ಆಗದು. 2024ರ ನವೆಂಬರಿನಲ್ಲಿ ಎಎನ್‌ಐ ಸುದ್ದಿಸಂಸ್ಥೆ ಓಪನ್‌ಎಐ ಕಂಪನಿಯ ಮೇಲೆ ದೆಹಲಿ ಹೈಕೋರ್ಟಿನಲ್ಲಿ ದಾವೆ ಹೂಡಿತು, ನಮ್ಮ ಬರಹ ಕೇಳದೆ ಬಳಸಿಕೊಂಡಿದ್ದೀರಿ ಎಂದು. ಆಮೇಲೆ ಭಾರತೀಯ ಪ್ರಕಾಶಕರ ಒಕ್ಕೂಟವೂ ನಮ್ಮ ಮಾತನ್ನೂ ಕೇಳಿ ಎಂದು ಹೋಯಿತು. ಅಲ್ಲಿ ಇಂಗ್ಲಿಷಿನವರು ತಮ್ಮ ಪಾಲು ಕೇಳುತ್ತಾರೆ. ಕನ್ನಡದ 500 ಪ್ರತಿಯ ಲೇಖಕ ಏನು ಕೇಳಬೇಕೆಂದು ಯಾರು ಹೇಳುತ್ತಾರೆ? ಮುಕ್ತವಾದ ನೂರು ಪುಸ್ತಕಗಳನ್ನು ತಪ್ಪಿಲ್ಲದೆ ಯೂನಿಕೋಡಿಗೆ ಹಾಕಿ ಮುಂದಿಟ್ಟರೆ 'ಇದನ್ನು ಬೇಕಾದಷ್ಟು ತಿನ್ನಿ, ಇದನ್ನು ಮಾತ್ರ ಕೇಳಿ ಮುಟ್ಟಿ' ಎಂದು ಹೇಳುವ ಮುಖ ನಮಗೆ ಬರುತ್ತದೆ. ಕನ್ನಡ ವಿಕಿಸೋರ್ಸಿನಲ್ಲಿ ಕೆಲವು ಹುಡುಗರು ಸದ್ದಿಲ್ಲದೆ ಈ ಕೆಲಸ ಮಾಡುತ್ತಿದ್ದಾರೆ. ಅವರಿಗೆ ಶಾಲು ಹೊದಿಸಿದ್ದನ್ನು ನಾನು ಕಂಡಿಲ್ಲ.

ಮೇಷ್ಟ್ರ ಕಥೆ ಅರ್ಧಕ್ಕೆ ನಿಲ್ಲಿಸಿದ್ದೆ. ಹೋದ ತಿಂಗಳು ಅವರೇ ಪ್ರೆಸ್ಸಿಗೆ ಬಂದಿದ್ದರು, ಚೀಲದಲ್ಲಿ ಅವರೆಕಾಯಿ ಹಿಡಿದುಕೊಂಡು. ಇಬ್ಬರೂ ಕೂತು ಒಂದು ಪುಟದ ಕಾಗದ ಬರೆದೆವು. ಮುದ್ರಿತ ಪುಸ್ತಕದ ಹಕ್ಕು, ಇ-ಪುಸ್ತಕದ ಹಕ್ಕು, ಓದಿ ಕೇಳಿಸುವ ಹಕ್ಕು, ಎಲ್ಲ ಬೇರೆ ಬೇರೆ ಸಾಲಿನಲ್ಲಿ. ಎಲ್ಲವೂ ಮೇಷ್ಟ್ರದೇ. ನನಗೆ ಇ-ಪುಸ್ತಕವನ್ನು ಐದು ವರ್ಷ ಮಾರುವ ಅನುಮತಿ ಮಾತ್ರ. "ಇಷ್ಟೆಲ್ಲಾ ಬರೀಬೇಕೇನಪ್ಪಾ, ನಮ್ಮ ನಮ್ಮಲ್ಲಿ?" ಎಂದರು. "ಬರೀಬೇಕು ಮೇಷ್ಟ್ರೇ, ನಮ್ಮ ನಮ್ಮಲ್ಲೇ ಅಲ್ಲವೇ ಫೈಲು ಹೋದದ್ದು" ಎಂದೆ. ನಕ್ಕು ಸಹಿ ಹಾಕಿದರು. ಮಿಣಿ ಸರಿ ಮಾಡಿ, ಯೂನಿಕೋಡಿಗೆ ತಂದು, ಮೊದಲ ಪುಟದಲ್ಲೇ ಲೇಖಕರ ಹೆಸರು, ಬೆಲೆ 60 ರೂಪಾಯಿ, ಹಣ ಕಳಿಸುವ ಚೌಕದ ಗುರುತು, ಕೆಳಗೆ 'ಮುದ್ರಕರು' ಎಂದು ನನ್ನ ಪ್ರೆಸ್ಸಿನ ಹೆಸರು ಹಾಕಿದೆ. ಕಾಯ್ದೆ ಕೇಳದಿದ್ದರೂ ಹಾಕಿದೆ.

ಆಮೇಲೆ ಆ ವಾಟ್ಸಾಪ್ ಗುಂಪಿಗೆ ಹೋಗಿ ಬರೆದೆ: ಹದಿನೇಳನೇ ಪುಸ್ತಕ ಅಚ್ಚು ಹಾಕಿದವನು ನಾನು, ಅದು ತಪ್ಪಿರುವ ಕರಡು, ನನ್ನ ಕೈಯಿಂದಲೇ ಜಾರಿದ್ದು, ಸರಿಯಾದದ್ದು ಇಲ್ಲಿದೆ, ಈಗಾಗಲೇ ಓದಿದವರು ಈಗಲೂ ದುಡ್ಡು ಕೊಡಬಹುದು. ಒಬ್ಬ, 'ಕನ್ನಡವನ್ನು ಮಾರಾಟಕ್ಕಿಟ್ಟಿದ್ದೀಯಾ' ಎಂದು ಬೈದ. ಇನ್ನೊಬ್ಬ ಅವನಿಗೆ ಬೈದ. ಸಂಜೆಯ ಹೊತ್ತಿಗೆ ಅಡ್ಮಿನ್ನು ನನ್ನನ್ನೇ ಗುಂಪಿನಿಂದ ತೆಗೆದುಹಾಕಿದ. ಅಷ್ಟರಲ್ಲಿ 23 ಜನ ಹಣ ಹಾಕಿದ್ದರು, 1,380 ರೂಪಾಯಿ. ಒಬ್ಬರು ಅಚ್ಚಾದ ಪುಸ್ತಕವೇ ಬೇಕೆಂದು ಎರಡು ಪ್ರತಿ ತರಿಸಿಕೊಂಡರು. ಆ ಹಣವನ್ನು ಮೇಷ್ಟ್ರ ಲೆಕ್ಕಕ್ಕೆ ಜಮಾ ಮಾಡಿದ್ದೇನೆ. ಅಟ್ಟದ ಮೇಲೆ 408 ಪ್ರತಿ ಉಳಿದಿದೆ.